ಡಾಕ್ಟರ್ ಫೆಲ್‌ನ ಅಚ್ಚುಮೊಳೆಗಳು

ಪುಸ್ತಕ ಅಚ್ಚು ಹಾಕದೇ ಇರುವುದಕ್ಕೂ ಹಣ ಸಿಗುತ್ತಿತ್ತು ಎಂದರೆ ನಂಬುತ್ತೀರಾ? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸಿಗುತ್ತಿತ್ತು. ಎಲ್ಲ ಬಗೆಯ ಪುಸ್ತಕಗಳನ್ನೂ ಮುದ್ರಿಸುವ ಹಕ್ಕನ್ನು 1636ರಲ್ಲಿ ಆರ್ಚ್‌ಬಿಷಪ್ ವಿಲಿಯಂ ಲಾಡ್ ಅದಕ್ಕೆ ಅರಸನಿಂದ ಕೊಡಿಸಿದ್ದ. ಆದರೆ ಬೈಬಲ್‌ನಂಥ ಲಾಭದ ಪುಸ್ತಕಗಳ ತಂಟೆಗೆ ಬಾರದಿರಲಿ ಎಂದು ಲಂಡನ್ನಿನ ಮುದ್ರಕರ ಸಂಘ ವರ್ಷಕ್ಕೆ 200 ಪೌಂಡ್ ಕೊಡತೊಡಗಿತು. ವಿಶ್ವವಿದ್ಯಾಲಯ ಹಣ ಪಡೆದು ತೆಪ್ಪಗಿತ್ತು.

ಇದನ್ನು ಬದಲಿಸಿದವನು ಜಾನ್ ಫೆಲ್ (1625–1686). ಕ್ರೈಸ್ಟ್ ಚರ್ಚ್ ಕಾಲೇಜಿನ ಡೀನ್, ಮುಂದೆ ಆಕ್ಸ್‌ಫರ್ಡಿನ ಬಿಷಪ್. 1672ರಲ್ಲಿ ಮೂವರು ಜೊತೆಗಾರರನ್ನು ಕಟ್ಟಿಕೊಂಡು ಮುದ್ರಣದ ಹಕ್ಕನ್ನು ತಾನೇ ಗುತ್ತಿಗೆ ಹಿಡಿದ. ಗುತ್ತಿಗೆಯ ಮೊತ್ತ ವರ್ಷಕ್ಕೆ ಅದೇ 200 ಪೌಂಡ್!

ಪುಣೆಯ ಮನೆಯಲ್ಲಿ ಕೂತು ಫಾಂಟ್‌ಗಳ ಪಟ್ಟಿ ನೋಡುತ್ತಿದ್ದಾಗ ‘ಐಎಂ ಫೆಲ್’ ಎಂಬ ಹೆಸರು ಕಂಡು ನಾನು ಈತನ ಬೆನ್ನು ಹತ್ತಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಲೆಕ್ಕಾಚಾರ. ವಿದ್ವತ್ತಿಗೆ ವಿದ್ವಾಂಸರಷ್ಟೇ ಸಾಲದು, ಅಚ್ಚುಮೊಳೆಯೂ ಬೇಕು ಎಂದು ಅವನಿಗೆ ಗೊತ್ತಿತ್ತು. ಒಳ್ಳೆಯ ಮೊಳೆ ಇಂಗ್ಲೆಂಡಿನಲ್ಲಿ ಸಿಗದಾಗ, ಹಾಲೆಂಡಿನಲ್ಲಿದ್ದ ಪಾದ್ರಿ ಥಾಮಸ್ ಮಾರ್ಷಲ್‌ನ ಮೂಲಕ ಮೊಳೆ ಎರಕ ಹೊಯ್ಯುವ ಅಚ್ಚುಗಳನ್ನು ತರಿಸಿದ. 1676ರ ಹೊತ್ತಿಗೆ ಪೀಟರ್ ಡಿ ವಾಲ್ಪರ್ಗನ್ ಎಂಬ ಕುಶಲಕರ್ಮಿಯನ್ನೇ ಊರಿಗೆ ಕರೆಸಿಕೊಂಡ. ಗ್ರೀಕ್, ಹೀಬ್ರೂ, ಅರೇಬಿಕ್, ಸಿರಿಯಾಕ್, ಕಾಪ್ಟಿಕ್ ಲಿಪಿಗಳ ಮೊಳೆಗಳು ಒಂದೆಡೆ ಸೇರಿದವು. ಹಸ್ತಪ್ರತಿಗಳಲ್ಲಿ ಹುದುಗಿದ್ದ ಪಠ್ಯಗಳು ಅಚ್ಚಾಗುವ ದಾರಿ ತೆರೆಯಿತು. ಅವನು ಬೆನ್ನು ತಟ್ಟಿ ಶುರು ಮಾಡಿಸಿದ ಜಾನ್ ಮಿಲ್‌ನ ಗ್ರೀಕ್ ಹೊಸ ಒಡಂಬಡಿಕೆ, ಸುಮಾರು 30,000 ಪಾಠಾಂತರಗಳೊಂದಿಗೆ 1707ರಲ್ಲಿ ಹೊರಬಂತು. ಆಗ ಫೆಲ್ ತೀರಿಕೊಂಡು ಇಪ್ಪತ್ತು ವರ್ಷ ದಾಟಿತ್ತು.

ಆದರೆ ಮೊಳೆ ಯಾರ ಕೈಯಲ್ಲೋ ಮಾತೂ ಅವರದೇ. ಆಂಟನಿ ವುಡ್ ಬರೆದ ವಿಶ್ವವಿದ್ಯಾಲಯದ ಚರಿತ್ರೆಯನ್ನು ಫೆಲ್ ಲ್ಯಾಟಿನ್ನಿಗೆ ಮಾಡಿಸಿ 1674ರಲ್ಲಿ ಪ್ರಕಟಿಸಿದ. ಲೇಖಕ ಒಪ್ಪದ ತಿದ್ದುಪಡಿಗಳನ್ನೂ ಸೇರಿಸಿದ. ತತ್ವಜ್ಞಾನಿ ಥಾಮಸ್ ಹಾಬ್ಸ್‌ನ ಬಗ್ಗೆ ವುಡ್ ಬರೆದದ್ದನ್ನು ತಿರುಚಿ ನಿಂದೆ ತುರುಕಿದ. ಎಂಬತ್ತು ದಾಟಿದ್ದ ಹಾಬ್ಸ್ ಪ್ರತಿಭಟಿಸಿದರೆ, ಅದಕ್ಕೂ ಅಚ್ಚಿನಲ್ಲೇ ಬಿರುಸಾದ ಉತ್ತರ ಕೊಟ್ಟ. 1684ರಲ್ಲಿ ಅರಸನ ಆಜ್ಞೆ ಬಂದಾಗ ಜಾನ್ ಲಾಕ್‌ನನ್ನು ಕ್ರೈಸ್ಟ್ ಚರ್ಚ್‌ನಿಂದ ಹೊರಹಾಕಿದ. ಲಾಕ್‌ನ ಬಾಯಿಂದ ತಪ್ಪು ಮಾತೊಂದೂ ಬಿದ್ದಿಲ್ಲವೆಂದು ಸ್ವತಃ ಫೆಲ್‌ನೇ ಪತ್ರದಲ್ಲಿ ಒಪ್ಪಿಕೊಂಡಿದ್ದ.

ಪಾಠಾಂತರಗಳನ್ನು ಒಂದೂ ಬಿಡದೆ ಕಲೆಹಾಕಿಸಿದವನಿಗೆ ಜೊತೆಯವರ ಭಿನ್ನಮತ ಸಹ್ಯವಾಗಲಿಲ್ಲ. ಇವರಿಬ್ಬರೂ ಬೇರೆ ಬೇರೆ ಫೆಲ್‌ಗಳು ಎಂದುಕೊಂಡರೆ ನಮಗೆ ಅನುಕೂಲ. ಆದರೆ ನನಗೆ ಹಾಗೆ ಕಾಣುವುದಿಲ್ಲ. ಸಂಸ್ಥೆ ಕಟ್ಟಿದ ಹಟವೇ ಎದುರು ಮಾತನ್ನೂ ಅಡಗಿಸಿತು. ಕಟ್ಟಿದವರನ್ನು ನೆನೆಯುವಾಗ ಈ ಎರಡನ್ನೂ ಒಟ್ಟಿಗೆ ನೆನೆಯಬೇಕು.

ಸಾಯುವಾಗ ಫೆಲ್ ಮೊಳೆಗಳನ್ನೆಲ್ಲ ವಿಶ್ವವಿದ್ಯಾಲಯಕ್ಕೇ ಬಿಟ್ಟುಹೋದ. ಅವುಗಳ ಅಕ್ಷರರೂಪವನ್ನು ಇಟಲಿಯ ಇಜಿನೊ ಮರಿನಿ ನಮ್ಮ ಕಾಲದಲ್ಲಿ ಕಂಪ್ಯೂಟರ್ ಫಾಂಟ್‌ಗಳಾಗಿಸಿ ಉಚಿತವಾಗಿ ಕೊಟ್ಟಿದ್ದಾರೆ. ಈಗ ಆ ಅಕ್ಷರಗಳಲ್ಲಿ ಯಾರು ಏನು ಬೇಕಾದರೂ ಬರೆಯಬಹುದು, ಫೆಲ್‌ನ ಒಪ್ಪಿಗೆ ಬೇಕಿಲ್ಲ.