ಮೊದಲೇ ಇದ್ದ ಬೇನೆಯೂ ವಿಮೆಯೂ

ನಾವು ನೆಲಸಿರುವ ಚೆನ್ನೈಗೆ ವಿಮೆಯ ವ್ಯವಹಾರ ಹೊಸದಲ್ಲ. 1829ರಲ್ಲಿಯೇ ಇಲ್ಲಿ ಮದರಾಸ್ ಈಕ್ವಿಟಬಲ್ ಎಂಬ ಜೀವವಿಮಾ ಸಂಸ್ಥೆ ಹುಟ್ಟಿತು. ಆದರೆ ಆಸ್ಪತ್ರೆಯ ವೆಚ್ಚಕ್ಕೊದಗುವ ವಿಮೆ ಸಾಮಾನ್ಯ ಗೃಹಸ್ಥನ ಕೈಗೆ ಬರಲು ಒಂದೂವರೆ ಶತಮಾನವೇ ಹಿಡಿಯಿತು. 1986ರಲ್ಲಿ ಸರ್ಕಾರಿ ವಿಮಾ ಕಂಪೆನಿಗಳು ‘ಮೆಡಿಕ್ಲೈಮ್’ ಯೋಜನೆಯನ್ನು ತಂದವು; ಈ ಊರಿನಲ್ಲಿ ಮುಖ್ಯ ಕಚೇರಿಯುಳ್ಳ ಯುನೈಟೆಡ್ ಇಂಡಿಯಾ ಅವುಗಳಲ್ಲೊಂದು.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲೇ ಇದ್ದವರಿಗೆ ಆ ಬೇನೆಯ ಖರ್ಚು ಅದರಲ್ಲಿ ದೊರೆಯುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರೇ ಸೇರಿದರೆ ನಿಧಿ ಬರಿದಾದೀತೆಂಬುದು ಕಂಪೆನಿಗಳ ವಾದ. ವಾದ ಸುಳ್ಳಲ್ಲ. ಆದರೆ ವಿಮೆಯ ಅಗತ್ಯ ಹೆಚ್ಚಾಗಿರುವವನೇ ಹೊರಗುಳಿಯುವುದು ನ್ಯಾಯವೆ?

ಇದಕ್ಕೆ ಒಂದು ಉತ್ತರವನ್ನು ಕೊಟ್ಟದ್ದು ನಮ್ಮ ಕರ್ನಾಟಕ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ರೈತರನ್ನು ಗುಂಪಾಗಿ ಸೇರಿಸಿಕೊಂಡಿತು. ಸದಸ್ಯನ ಪಾಲು ತಿಂಗಳಿಗೆ 5 ರೂಪಾಯಿ. ಹಳೆಯ ಬೇನೆಯೆಂದು ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಲಿಲ್ಲ. ಆರೋಗ್ಯವಂತರೂ ರೋಗಿಗಳೂ ಕೂಡಿ ಬಂದುದರಿಂದ ಭಾರ ಹಂಚಿಹೋಯಿತು.

ಒಬ್ಬೊಬ್ಬರಾಗಿ ವಿಮೆ ಕೊಳ್ಳುವವರಿಗೂ ಬಾಗಿಲು ಮೆಲ್ಲಮೆಲ್ಲನೆ ತೆರೆಯಿತು. ಹಳೆಯ ಬೇನೆಗಾಗಿ ಕಾಯಬೇಕಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ 4 ವರ್ಷದಿಂದ 3 ವರ್ಷಕ್ಕಿಳಿಸಿತು. ಸತತವಾಗಿ 5 ವರ್ಷ ಕಂತು ಕಟ್ಟಿದವನ ಹಕ್ಕನ್ನು, ಮೋಸ ಸಿದ್ಧವಾದ ಹೊರತು, ಬೇನೆಯನ್ನು ತಿಳಿಸಲಿಲ್ಲವೆಂದು ತಳ್ಳಿಹಾಕುವಂತಿಲ್ಲ.

ಹಾಗೆಂದು ಅರ್ಜಿಯಲ್ಲಿ ಬೇನೆಯನ್ನು ಮುಚ್ಚಿಡುವುದು ತರವಲ್ಲ. ಕಷ್ಟಕಾಲದಲ್ಲಿ ಅದೇ ಮುಳುವಾದೀತು. ಬಾಂಧವರು ದೇಹ ಗಟ್ಟಿಯಾಗಿರುವಾಗಲೇ ವಿಮೆ ಮಾಡಿಸಲಿ, ಇದ್ದುದನ್ನು ಇದ್ದಂತೆ ಬರೆಯಲಿ ಎಂಬುದೇ ನಮ್ಮ ಬಿನ್ನಹ.