ಸುಲಿದವರು ಯಾರು?

ಪರೀಕ್ಷೆ ಹೇಗಿತ್ತು ಎಂದು ಕೇಳಿದರೆ ಈಗಿನ ಹುಡುಗರು 'ಪೀಸ್ ಆಫ್ ಕೇಕ್' ಅನ್ನುತ್ತಾರೆ. 1930ರ ದಶಕದ ಬರಹಗಳಲ್ಲಿ ಕಾಣಿಸಿಕೊಂಡು, ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ವಾಯುಪಡೆಯವರ ಬಾಯಲ್ಲಿ ಪಳಗಿದ ಮಾತದು. ಕನ್ನಡದಲ್ಲಿ 'ಕೇಕಿನ ತುಂಡು' ಎಂದು ಬರೆದರೆ ನಗೆಪಾಟಲು. ಅದಕ್ಕೇ ಅನುವಾದಕರ ಕೈ ಥಟ್ಟನೆ ಹೋಗುವುದು 'ಬಾಳೆಹಣ್ಣು ಸುಲಿದಷ್ಟು ಸುಲಭ' ಎಂಬುದರ ಕಡೆಗೆ. ತಿನ್ನುವ ಪದಾರ್ಥಕ್ಕೆ ತಿನ್ನುವ ಪದಾರ್ಥ, ಸಲೀಸಿಗೆ ಸಲೀಸು. ಲೆಕ್ಕ ಸರಿಹೋದಂತೆ ಕಾಣುತ್ತದೆ, ಆದರೆ ಹೋಗಿಲ್ಲ. ನಮ್ಮ ಬಾಳೆಹಣ್ಣಿನ ಮಾತು ಹುಟ್ಟಿನಲ್ಲಿ ಕೆಲಸ ಹಗುರವೆಂದು ಹೇಳುತ್ತಿರಲಿಲ್ಲ. ಕೆಲಸವನ್ನು ಬೇರೆ ಯಾರೋ ಆಗಲೇ ಮಾಡಿಟ್ಟಿದ್ದಾರೆ ಎಂದು ಹೇಳುತ್ತಿತ್ತು.

ಸಾಕ್ಷಿ ವ್ಯಾಕರಣದಲ್ಲೇ ಇದೆ. ಈ ಹೋಲಿಕೆಯನ್ನು ಕನ್ನಡಿಗರ ನಾಲಗೆಗೆ ಅಂಟಿಸಿದವನು 'ಅನುಭವಾಮೃತ' ಬರೆದ, 17ನೇ ಶತಮಾನದ ಮಹಲಿಂಗರಂಗ. ಅವನು ಹೊಗಳಿದ್ದು ಕನ್ನಡವನ್ನು. ಅದಕ್ಕೆ ಕೊಟ್ಟ ಉಪಮಾನಗಳು ಸಿಪ್ಪೆ ತೆಗೆದ ಬಾಳೆಹಣ್ಣು, ಸಿಗುರು ತೆಗೆದ ಕಬ್ಬು, ಕುಡಿಯುವ ಹದಕ್ಕೆ ಆರಿದ ಹಾಲು. ಮೂರೂ ಮುಗಿದ ಕೆಲಸಗಳು. 'ಸುಲಿದ' ಎಂಬುದು ಭೂತಕೃದಂತ. ಸುಲಿದವರ ಹೆಸರಿಲ್ಲ, ಸುಲಿದದ್ದು ಮಾತ್ರ ನಿಜ. ಅದ್ವೈತದಂಥ ಗಟ್ಟಿ ಸಿಪ್ಪೆಯ ವಿಷಯವನ್ನು ಓದುಗರ ಕೈಗಿಡುತ್ತಿದ್ದ ಕವಿಗೆ ಸುಲಿಯುವ ಕಷ್ಟ ಗೊತ್ತಿರಲಿಲ್ಲವೇ? ಆಮೇಲೆ ಬಳಕೆಯಲ್ಲಿ 'ಸುಲಿದ' ಹೋಗಿ 'ಸುಲಿದಷ್ಟು' ಬಂತು. ಒಂದೇ ಅಕ್ಷರ ಸೇರಿ ಅರ್ಥ ಮಗುಚಿತು: ದುಡಿದವರು ಮರೆಯಾದರು, ದುಡಿಮೆಯೇ ಇಲ್ಲವೆಂದಾಯಿತು. ಸುಲಿ–ಸುಲಭ ಎಂಬ ಪ್ರಾಸವೂ ಇದಕ್ಕೆ ಕೈಜೋಡಿಸಿರಬೇಕು. ಎರಡಕ್ಕೂ ನಂಟಿಲ್ಲ. ಸುಲಭ ಸಂಸ್ಕೃತದ್ದು, ಸುಲಿ ಅಚ್ಚಕನ್ನಡದ್ದು. (ಸುಲಿಗೆಯೂ ಅದೇ ಸುಲಿಯ ಮಗಳು. ಯಾರಿಗಾಗಿ ಸುಲಿಯುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.)

ಸುಲಭ ಎಂದರೆ ಮೂಲದಲ್ಲಿ ಸಲೀಸಾಗಿ ದೊರಕುವುದು, ಎದುರುಪದ ದುರ್ಲಭ. ಆ ಲೆಕ್ಕದಲ್ಲಿ ನಂಜನಗೂಡಿಗೆ ಹೋಗಿ ಈ ನುಡಿಗಟ್ಟನ್ನು ಆಡುವುದೇ ಕಷ್ಟ. ಅಲ್ಲಿಯ ರಸಬಾಳೆಗೆ 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ಹೆಸರಿದ್ದಷ್ಟು ಹಣ್ಣಿಲ್ಲ. ದೇವರಸನಹಳ್ಳಿಯಂಥ ಊರುಗಳ ತೋಟಗಳಿಗೆ ಹೊಕ್ಕ ಪನಾಮ ಸೊರಗು ರೋಗ ಬಾಳೆಯನ್ನು ಬುಡದಿಂದ ತಿನ್ನುತ್ತದೆ. ಕೆಳಗಿನ ಎಲೆ ಹಳದಿಯಾಗಿ ದಿಂಡಿಗೆ ಜೋತುಬೀಳುತ್ತದೆ. ಗೆಡ್ಡೆ ಕೊಯ್ದರೆ ಒಳಗೆ ಕೆಂಗಂದು ಕಲೆ. ರೋಗ ತರುವ ಶಿಲೀಂಧ್ರ ಮಣ್ಣಲ್ಲಿ ದಶಕಗಟ್ಟಲೆ ಉಳಿಯುತ್ತದೆ, ಸಿಂಪಡಿಸಿ ಕೊಲ್ಲುವ ಮದ್ದಿಲ್ಲ. ರೋಗ ತಗುಲಿದ ಗಿಡದ ಕಂದು ತಂದು ನೆಟ್ಟರೆ ರೋಗವನ್ನೂ ತಂದಂತೆ. ಲ್ಯಾಟಿನ್ ಅಮೆರಿಕದಿಂದ ಹಡಗೇರುತ್ತಿದ್ದ 'ಗ್ರೋ ಮಿಷೆಲ್' ತಳಿಯನ್ನು ಕಳೆದ ಶತಮಾನದ ನಡುವೆ ಮಾರುಕಟ್ಟೆಯಿಂದ ಅಟ್ಟಿದ್ದೂ ಇದೇ ರೋಗ. ಇಷ್ಟೆಲ್ಲ ದಾಟಿ ಉಳಿದುಬಂದ ಗೊನೆಯಿಂದ ಒಂದು ಹಣ್ಣು ಕಿತ್ತು, ಕಾಗದದಷ್ಟು ತೆಳ್ಳನೆಯ ಸಿಪ್ಪೆಯನ್ನು ಎರಡು ಬೆರಳಲ್ಲಿ ಎಳೆಯುವುದು ಅರೆಗಳಿಗೆಯ ಕೆಲಸ. ನುಡಿಗಟ್ಟು ನೋಡಿದ್ದು ಆ ಅರೆಗಳಿಗೆಯನ್ನು ಮಾತ್ರ.

ಮಾತು ನದಿಯಿದ್ದಂತೆ, ಹರಿದ ಕಡೆ ಹರಿಯಲಿ, ಹಳೆಯ ಪಾತ್ರ ಅಗೆಯುವುದೇಕೆ ಎನ್ನಬಹುದು. ಒಪ್ಪುವಂಥದ್ದೇ. ನಂಜನಗೂಡು ದಾಟಿದ ಕಪಿಲೆ ಕಾವೇರಿಯನ್ನು ಕೂಡುವ ಊರಿಗೆ ಕೂಡಲು ಎಂಬ ಪದದಿಂದಲೇ ತಿರುಮಕೂಡಲು ನರಸೀಪುರ ಎಂಬ ಹೆಸರು ಬಂದದ್ದು. ಬಸ್ಸಿನ ಬೋರ್ಡಿನಲ್ಲಿ ಅದು 'ಟಿ. ನರಸೀಪುರ'. ಸಂಗಮವೆಲ್ಲ ಒಂದು ಇಂಗ್ಲಿಷ್ ಅಕ್ಷರದೊಳಗೆ ಅಡಗಿದೆ; ಊರೇನೂ ಮುಳುಗಿಲ್ಲ. ಆದರೆ ಅಲ್ಲಿ ಕಳೆದದ್ದು ಉದ್ದ, ಇಲ್ಲಿ ಕಳೆದದ್ದು ಅರ್ಥ. ಬರೀ ಹಗುರಕ್ಕೆ ನಮ್ಮಲ್ಲಿ 'ನೀರು ಕುಡಿದಷ್ಟು ಸುಲಭ' ಇದೆ, 'ಎಡಗೈ ಕೆಲಸ' ಇದೆ. ಇನ್ನೊಬ್ಬರು ಪಟ್ಟ ಪಾಡಿನಿಂದ ನಮಗೆ ಸಲೀಸಾದದ್ದಕ್ಕೆ ಇಷ್ಟು ಚೆಂದದ ಬೇರೆ ಮಾತು ನನಗೆ ಕಾಣದು. ಬಾಳೆ ಸುಲಿಯುವುದು ಕೋತಿಗೂ ಬರುತ್ತದಲ್ಲ ಎಂಬ ತಕರಾರೂ ಉಂಟು. ಬರುತ್ತದೆ, ತನ್ನ ಬಾಯಿಗೆ. ಸುಲಿದ ಹಣ್ಣು ಸಂತೆಗೆ ಬರದು, ಬೇಗನೆ ಕಪ್ಪಾಗುತ್ತದೆ. ಎದುರಿಗೆ ತಿನ್ನುವವರಿದ್ದಾಗಲೇ, ಮಗುವೋ ಹಲ್ಲಿಲ್ಲದ ಅಜ್ಜನೋ ಇದ್ದಾಗಲೇ, ಅದನ್ನು ಸುಲಿಯುವುದು. ಕನ್ನಡವನ್ನು ಹೊಗಳಲು ಕವಿ ಆರಿಸಿಕೊಂಡದ್ದು ಈ ಉಪಚಾರವನ್ನು.

ಆದ್ದರಿಂದ ಹುಡುಗರ ಪರೀಕ್ಷೆಗೆ ನೀರು ಕುಡಿದಷ್ಟು ಸುಲಭ ಎಂದರೆ ಸಾಕು. ಜಟಿಲ ಕಾನೂನನ್ನೋ ಕಾಯಿಲೆಯ ವಿವರವನ್ನೋ ಯಾರಾದರೂ ತಿಣುಕಿ, ತಿದ್ದಿ, ನಮಗೆ ತಿಳಿಯುವಂತೆ ಬರೆದಿದ್ದರೆ, ಆಗ 'ಸುಲಿದ ಬಾಳೆಹಣ್ಣು' ಅನ್ನಿ.