ಸೃಜನಶೀಲ ಬರವಣಿಗೆ ಮತ್ತು ಡಿಜಿಟಲ್ ಮಾಧ್ಯಮ ಶಿಕ್ಷಣ: ರಾಯಚೂರು ಸೀಮೆಯ ಇತಿಹಾಸ

ಕಥೆ, ಕವಿತೆ, ನಾಟಕ, ಪ್ರಬಂಧಗಳನ್ನು ಬರೆಯುವ ಕಲೆಯನ್ನೂ, ಅವನ್ನು ಧ್ವನಿ, ದೃಶ್ಯ ಮತ್ತು ಅಂತರಜಾಲದ ಮೂಲಕ ಜನರಿಗೆ ಮುಟ್ಟಿಸುವ ಕೌಶಲವನ್ನೂ ಜೊತೆಜೊತೆಗೆ ಕಲಿಸುವ ಉನ್ನತ ಶಿಕ್ಷಣದ ಕ್ರಮ. ಕರ್ನಾಟಕದಲ್ಲಿ ಇದರ ಮೊದಲ ಭಾಗ ಕನ್ನಡ ಅಧ್ಯಯನ ವಿಭಾಗಗಳ ನೆರಳಿನಲ್ಲಿ ಬೆಳೆಯಿತು. ಎರಡನೆಯದು ಪತ್ರಿಕೋದ್ಯಮ ವಿಭಾಗಗಳಲ್ಲಿ ಬೆಳೆಯಿತು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಈ ಎರಡೂ ದಾರಿಗಳು ತಡವಾಗಿ ತೆರೆದವು. ಆದರೆ ಎರಡನ್ನೂ ಕೂಡಿಸಿ ಕಲಿಸಲು ಬೇಕಾದ ಸಾಹಿತ್ಯ, ಭಾಷೆ ಮತ್ತು ಹಾಡಿನ ಸಂಪತ್ತು ಈ ಸೀಮೆಯಲ್ಲಿ ಮೊದಲಿನಿಂದಲೂ ಇತ್ತು.

ಪ್ರದೇಶ ಮತ್ತು ಪರಂಪರೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ನಾಡು ಬರವಣಿಗೆಯ ಇತಿಹಾಸದಲ್ಲಿ ದೊಡ್ಡ ಹೆಸರು. ಹೈದರಾಬಾದ್ ಸಂಸ್ಥಾನದಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯ ಶಾಸನವನ್ನು ಗುರುತಿಸಿದರು. ಅದುವರೆಗೆ ಸಿಕ್ಕಿದ್ದ ಧರ್ಮಶಾಸನಗಳಲ್ಲಿ ದೊರೆಯ ಬಿರುದುಗಳಷ್ಟೇ ಕಾಣುತ್ತಿದ್ದವು. ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರೇ ಇತ್ತು. ಆ ಶಾಸನಗಳನ್ನು ಬರೆಸಿದವನು ಮೌರ್ಯ ಅಶೋಕನೇ ಎಂಬುದು ಇದರಿಂದ ದೃಢಪಟ್ಟಿತು. ಹಿಂದೆ ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಮಸ್ಕಿ ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ.

ಬರೆದದ್ದಕ್ಕಿಂತ ಹಾಡಿದ್ದು ಇಲ್ಲಿ ಹೆಚ್ಚು. 18ನೆಯ ಶತಮಾನದಲ್ಲಿ ಹರಿದಾಸ ಸಾಹಿತ್ಯಕ್ಕೆ ಹೊಸ ಜೀವ ಕೊಟ್ಟ ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದ ಜಗನ್ನಾಥದಾಸರು ಮೂವರೂ ಇದೇ ಜಿಲ್ಲೆಯವರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಹಬ್ಬವೆಂದು ನಾಡಿಗೆಲ್ಲ ಗೊತ್ತು. ಆ ದಿನಗಳಲ್ಲಿ ಹಾಡುವ ಮೊಹರಂ ಪದಗಳೂ ರಿವಾಯತ್‌ಗಳೂ ಕನ್ನಡದ ಮೌಖಿಕ ಕಾವ್ಯದ ಭಾಗ. ತತ್ವಪದ, ಭಜನೆ, ಬಯಲಾಟಗಳೂ ಊರೂರಿನಲ್ಲಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಸುತ್ತ ತೆಲುಗು ಮಾತಾಡುವ ರೈತರ ಕ್ಯಾಂಪುಗಳು ಎದ್ದವು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಅಲ್ಲಿ ನೆಲೆ ಸಿಕ್ಕಿತು. ಹಟ್ಟಿಯ ಚಿನ್ನದ ಗಣಿ ಕೂಡ ಬೇರೆ ಬೇರೆ ಸೀಮೆಯ ಕಾರ್ಮಿಕರನ್ನು ಕರೆತಂದಿತು. ಹೀಗಾಗಿ ಇಲ್ಲಿನ ಒಂದು ತರಗತಿಯಲ್ಲಿ ಕನ್ನಡ, ದಖನಿ ಉರ್ದು, ತೆಲುಗು, ಲಂಬಾಣಿ, ಬಂಗಾಳಿಗಳನ್ನು ಮನೆಮಾತಾಗಿ ಆಡುವ ಮಕ್ಕಳು ಒಟ್ಟಿಗೆ ಕೂಡುವುದುಂಟು.

ಹೈದರಾಬಾದ್ ಸಂಸ್ಥಾನದ ಕಾಲ

1948ರವರೆಗೆ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಇಲ್ಲಿಯವರಿಗೆ ವಿಶ್ವವಿದ್ಯಾಲಯವೆಂದರೆ 1918ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಉಸ್ಮಾನಿಯಾ. ಉನ್ನತ ಶಿಕ್ಷಣವನ್ನು ಭಾರತೀಯ ಭಾಷೆಯೊಂದರಲ್ಲಿ ಕೊಟ್ಟ ಆ ಪ್ರಯೋಗ ದೊಡ್ಡದು. ಆದರೆ ಆ ಭಾಷೆ ಉರ್ದು ಆಗಿದ್ದುದರಿಂದ ಕನ್ನಡ ಮನೆಯ ಹುಡುಗ ಮೊದಲು ಉರ್ದು ಕಲಿತೇ ಕಾಲೇಜಿನ ಮೆಟ್ಟಿಲು ಹತ್ತಬೇಕಿತ್ತು. ಅಲ್ಲಿನ ಕನ್ನಡ ವಿಭಾಗದಲ್ಲಿ ಡಿ.ಕೆ. ಭೀಮಸೇನರಾವ್ ಅವರಂಥ ಅಧ್ಯಾಪಕರು ಕನ್ನಡದ ಓದನ್ನು ಉಳಿಸಿ ಬೆಳೆಸಿದರು.

ರಾಯಚೂರಿನೊಳಗೆ ಈ ಕೆಲಸ ಕಾಲೇಜಿನ ಹೊರಗೆ ನಡೆಯಿತು. ಪಂಡಿತ ತಾರಾನಾಥರು 1920ರಲ್ಲಿ ಹಮ್‌ದರ್ದ್ ಶಾಲೆಯನ್ನು ತೆರೆದರು. ವೈದ್ಯ, ಸಂಗೀತಜ್ಞ, ನಾಟಕಕಾರರಾಗಿದ್ದ ಅವರು ಓದು, ರಂಗಭೂಮಿ, ಸಂಗೀತಗಳನ್ನು ಒಂದೇ ವಿದ್ಯೆಯೆಂದು ಕಂಡವರು. ಒಂದು ಕಲೆಯ ವಿದ್ಯಾರ್ಥಿಗೆ ಇನ್ನೊಂದು ಕಲೆಯ ಪರಿಚಯ ಬೇಕೆಂಬ ನಿಲುವಿಗೆ ಜಿಲ್ಲೆಯಲ್ಲಿ ಇದು ಮೊದಲ ಆಧುನಿಕ ಮಾದರಿ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ಸೇರಿದ್ದು ಇಲ್ಲಿನ ಬರಹಗಾರರನ್ನು ಉಳಿದ ಕನ್ನಡ ಸೀಮೆಗಳೊಂದಿಗೆ ಬೆಸೆಯಿತು.

ಕನ್ನಡ ವಿಭಾಗಗಳು ಮತ್ತು ಬರೆಯುವ ಕಲಿಕೆ

ಮೈಸೂರು ವಿಶ್ವವಿದ್ಯಾಲಯ 1927ರಲ್ಲಿ ಕನ್ನಡ ಎಂ.ಎ. ಆರಂಭಿಸಿತು. ಕುವೆಂಪು ಅದರ ಮೊದಲ ವಿದ್ಯಾರ್ಥಿಗಳಲ್ಲೊಬ್ಬರು. ಪಠ್ಯದಲ್ಲಿ ಹಳಗನ್ನಡ ಕಾವ್ಯ, ಛಂದಸ್ಸು, ವ್ಯಾಕರಣ, ಶಾಸನಗಳಿದ್ದವು. ಕಥೆ ಬರೆಯುವುದು ಹೇಗೆಂಬ ಪತ್ರಿಕೆ ಇರಲಿಲ್ಲ. ಆದರೂ ಕಾಲೇಜುಗಳಲ್ಲೇ ಕವಿಗಳು ಮೂಡಿದರು. ಇದಕ್ಕೆ ಕಾರಣ ಕರ್ನಾಟಕ ಸಂಘಗಳು ಮತ್ತು ಅವು ಹೊರಡಿಸಿದ ಪತ್ರಿಕೆಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ಹೊರತಂದ ‘ಪ್ರಬುದ್ಧ ಕರ್ಣಾಟಕ’ ಅಂಥ ಮೊದಲ ಹೆಜ್ಜೆ. ಮುಂದೆ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಕಟ್ಟಿದ ಕನ್ನಡ ಸಂಘ ಅಂತರ ಕಾಲೇಜು ಕವನ ಸ್ಪರ್ಧೆ ನಡೆಸಿತು, ಹೊಸಬರ ಕವಿತೆಗಳನ್ನು ಪುಸ್ತಕವಾಗಿ ತಂದಿತು. ಹಳ್ಳಿಯ ಕಾಲೇಜಿನಿಂದ ಅಂಚೆಯಲ್ಲಿ ಕವಿತೆ ಕಳಿಸಿದ ವಿದ್ಯಾರ್ಥಿಗೂ ಅಲ್ಲಿ ಜಾಗವಿತ್ತು. ಬರವಣಿಗೆಯ ಶಿಕ್ಷಣ ಅಂಕಪಟ್ಟಿಯ ಹೊರಗೆ ಹೀಗೆ ನಡೆದು ಬಂತು.

ಪಶ್ಚಿಮದಲ್ಲಿ ಇದು ಪದವಿಯಾಗಿಯೇ ರೂಪುಗೊಂಡಿತ್ತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬರಹಗಾರರ ಕಮ್ಮಟ 1936ರಲ್ಲಿ ಆರಂಭವಾಯಿತು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ಆಂಗಸ್ ವಿಲ್ಸನ್ ಮತ್ತು ಮಾಲ್ಕಂ ಬ್ರಾಡ್‌ಬರಿ ಎಂ.ಎ. ಕೋರ್ಸ್ ತೆರೆದರು. ಇದೇ ಬ್ರಾಡ್‌ಬರಿ ಅದಕ್ಕೂ ಮೊದಲು ಬರ್ಮಿಂಗ್‌ಹ್ಯಾಂನಲ್ಲಿ ಯು.ಆರ್. ಅನಂತಮೂರ್ತಿಯವರಿಗೆ ಸಂಶೋಧನೆಯ ಮಾರ್ಗದರ್ಶಕರಾಗಿದ್ದರು. ಗುರುವಿನ ಜೊತೆ ಬರ್ಗ್‌ಮನ್‌ನ ಚಲನಚಿತ್ರವೊಂದನ್ನು ನೋಡಿ ಬಂದ ಪ್ರೇರಣೆಯಲ್ಲಿ ಅನಂತಮೂರ್ತಿ ‘ಸಂಸ್ಕಾರ’ ಬರೆಯಲು ಕುಳಿತರು. ಸಿನಿಮಾದ ಅನುಭವ ಕನ್ನಡ ಕಾದಂಬರಿಯೊಂದಕ್ಕೆ ಬೀಜವಾದ ಈ ಪ್ರಸಂಗ, ಮಾಧ್ಯಮ ಮತ್ತು ಬರವಣಿಗೆಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕಲಿಸುವ ಪದ್ಧತಿಯನ್ನು ಮರುಯೋಚಿಸಲು ಒಳ್ಳೆಯ ಕಾರಣ.

1956ರ ರಾಜ್ಯ ಪುನರ್ವಿಂಗಡಣೆಯ ನಂತರ ರಾಯಚೂರು ಜಿಲ್ಲೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಆ ವಿಶ್ವವಿದ್ಯಾಲಯ 1970ರಲ್ಲಿ ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1980ರಲ್ಲಿ ಅದೇ ಸ್ವತಂತ್ರ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 1991ರಲ್ಲಿ ತುಂಗಭದ್ರೆಯ ಆಚೆ ದಡದ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ತಲೆಯೆತ್ತಿತು. ಮೊದಲ ಕುಲಪತಿ ಚಂದ್ರಶೇಖರ ಕಂಬಾರ. ಮೌಖಿಕ ಸಾಹಿತ್ಯವನ್ನೂ ಬುಡಕಟ್ಟುಗಳ ಬದುಕನ್ನೂ ಸಂಶೋಧನೆಯ ವಸ್ತುವಾಗಿಸಿದ ಈ ಸಂಸ್ಥೆ ಸಿಂಧನೂರು ಸೀಮೆಯವರಿಗೆ ಧಾರವಾಡಕ್ಕಿಂತ ಹತ್ತಿರದ ನೆಲೆಯಾಯಿತು. ರಾಯಚೂರು ಬಳಿಯ ಯರಗೇರಾದಲ್ಲಿದ್ದ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 2020–21ರ ಹೊತ್ತಿಗೆ ರಾಯಚೂರು ವಿಶ್ವವಿದ್ಯಾಲಯವಾಗಿ ಬೇರ್ಪಟ್ಟಿತು. ಈಗ ಅದರ ಹೆಸರು ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯ. ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಕಾಲೇಜುಗಳು ಅದರ ವ್ಯಾಪ್ತಿಯಲ್ಲಿವೆ. ಹೈದರಾಬಾದ್, ಧಾರವಾಡ, ಕಲಬುರಗಿ, ಯರಗೇರಾ: ಒಂದು ಶತಮಾನದಲ್ಲಿ ವಿಶ್ವವಿದ್ಯಾಲಯ ಸಿಂಧನೂರಿನ ವಿದ್ಯಾರ್ಥಿಗೆ ಹತ್ತಿರವಾಗುತ್ತ ಬಂದ ಕ್ರಮವಿದು.

ಪತ್ರಿಕೋದ್ಯಮದಿಂದ ಡಿಜಿಟಲ್ ಮಾಧ್ಯಮಕ್ಕೆ

ಕರ್ನಾಟಕದಲ್ಲಿ ಪತ್ರಿಕೋದ್ಯಮ ಶಿಕ್ಷಣ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರ ಮುಂದಾಳತ್ವದಲ್ಲಿ ನೆಲೆಗೊಂಡಿತು. ನಂತರ ಬೆಂಗಳೂರು, ಧಾರವಾಡ, ಕಲಬುರಗಿಗಳಲ್ಲಿ ವಿಭಾಗಗಳು ಬಂದವು. ವರದಿಗಾರಿಕೆ, ಸಂಪಾದನೆ, ಜಾಹೀರಾತು, ಆಕಾಶವಾಣಿ, ದೂರದರ್ಶನ ಅಲ್ಲಿನ ಪಾಠಗಳಾದವು. ಕಥನಕಲೆಗೆ ಸಿಕ್ಕಿದ್ದು ನುಡಿಚಿತ್ರ ಬರವಣಿಗೆಯ ಒಂದು ಮೂಲೆ ಮಾತ್ರ.

ಕನ್ನಡ ಗಣಕದ ಮೇಲೆ ಓಡಾಡತೊಡಗಿದ್ದು ಈ ಚಿತ್ರವನ್ನು ಬದಲಿಸಿತು. ಕೆ.ಪಿ. ರಾವ್ ಕನ್ನಡಕ್ಕೆ ಧ್ವನಿ ಆಧಾರಿತ ಕೀಲಿಮಣೆ ವಿನ್ಯಾಸ ರೂಪಿಸಿದರು. ಶೇಷಾದ್ರಿ ವಾಸು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನೂ ಕಾಲೇಜುಗಳನ್ನೂ ಮುಟ್ಟಿತು. ಕನ್ನಡದಲ್ಲಿ ಇಂಥ ಸಲಕರಣೆಗಳಿಗಾಗಿ ದನಿಯೆತ್ತಿದ ಲೇಖಕರಲ್ಲಿ ಪೂರ್ಣಚಂದ್ರ ತೇಜಸ್ವಿ ಮುಖ್ಯರು. ಮೊದಮೊದಲು ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ಗೋಡೆ ಬಿದ್ದಿತು. ಮೊಬೈಲಿನಲ್ಲೇ ಕನ್ನಡ ಒತ್ತಲು ಸಾಧ್ಯವಾದಾಗ ಡಿ.ಟಿ.ಪಿ. ಅಂಗಡಿಯ ಹಂಗಿಲ್ಲದೆ ಕವಿತೆಯೊಂದು ಹಟ್ಟಿಯಿಂದ ಬೆಂಗಳೂರಿಗೆ ಹೋಗತೊಡಗಿತು.

2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. 2013ರ ಸುಮಾರಿಗೆ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ ಭಾಷಾ ವಿದ್ಯಾರ್ಥಿಗಳ ಕೈಯಲ್ಲಿ ವಿಕಿಪೀಡಿಯ ಲೇಖನಗಳನ್ನು ಬರೆಸಿ ಅದನ್ನು ಕಲಿಕೆಯ ಭಾಗವಾಗಿಸಿತು. ಕವನ ಸ್ಪರ್ಧೆಗೆ ಹೆಸರಾದ ಸಂಸ್ಥೆಯಲ್ಲೇ ಇದು ನಡೆದದ್ದು ಗಮನಾರ್ಹ: ಭಾಷೆಯ ತರಗತಿಯ ಬರವಣಿಗೆ ಅಧ್ಯಾಪಕರ ಮೇಜಿನಿಂದಾಚೆಗೆ ನಿಜವಾದ ಓದುಗರನ್ನು ತಲುಪಿತು. ಇದೇ ದಶಕದಲ್ಲಿ ಬಂದ ‘ವಚನ ಸಂಚಯ’ 20,000ಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕುವಂತೆ ಮಾಡಿತು. ವಿದ್ವಾಂಸ ಓ.ಎಲ್. ನಾಗಭೂಷಣ ಸ್ವಾಮಿ, ಕಥೆಗಾರ ವಸುಧೇಂದ್ರ ಹಾಗೂ ತಂತ್ರಜ್ಞರು ಒಟ್ಟಿಗೆ ಕೂತು ಮಾಡಿದ ಈ ಕೆಲಸ, ಸಾಹಿತ್ಯ ಮತ್ತು ಗಣಕ ಕೂಡಿದರೆ ಏನಾಗಬಹುದೆಂದು ತೋರಿಸಿತು. ಹೊರದೇಶಗಳಲ್ಲಿ ಇಂಥ ಕೂಡುವಿಕೆ 1990ರ ದಶಕದ ಆರಂಭದಲ್ಲೇ ತರಗತಿಗೆ ಬಂದಿತ್ತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಕಾದಂಬರಿಕಾರ ರಾಬರ್ಟ್ ಕೂವರ್, ಓದುಗರೇ ದಾರಿ ಆರಿಸಿಕೊಳ್ಳುವ ಹೈಪರ್‌ಟೆಕ್ಸ್ಟ್ ಕಥೆಗಳನ್ನು ಬರೆಯಲು ಕಲಿಸುತ್ತಿದ್ದರು.

ಪಠ್ಯಕ್ರಮದ ಬದಲಾವಣೆಗಳು

ಕರ್ನಾಟಕ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ತಂದಾಗ, ಯಾವ ವಿಷಯ ಓದುವವರಿಗೂ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಕೌಶಲ ಪತ್ರಿಕೆ ಬಂತು. ಐಚ್ಛಿಕ ಕನ್ನಡದ ವಿದ್ಯಾರ್ಥಿಯೂ ತನ್ನ ಪದವಿಯ ಭಾಗವಾಗಿ ಡಿಜಿಟಲ್ ಪಾಠ ಓದಬೇಕಾಯಿತು. ಮುಕ್ತ ಆಯ್ಕೆಯ ವಿಷಯಗಳು ವಿಭಾಗಗಳ ನಡುವಿನ ಬೇಲಿಯನ್ನು ಸ್ವಲ್ಪ ಸಡಿಲಿಸಿದವು. 2024–25ರಿಂದ ರಾಜ್ಯ ಆ ನೀತಿಯನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಈ ಎರಡೂ ಬದಲಾವಣೆಗಳನ್ನು ಮೂರೇ ವರ್ಷಗಳ ಅಂತರದಲ್ಲಿ ಕಂಡವು. ಆದರೆ ತಂತ್ರಜ್ಞಾನದ ಪರಿಚಯ ಮಾಡಿಸುವ ಒಂದು ಪತ್ರಿಕೆಯಿಂದ ಬರವಣಿಗೆ ಹುಟ್ಟುವುದಿಲ್ಲ. ಕಥೆಯೊಂದನ್ನು ಧ್ವನಿಮುದ್ರಣಕ್ಕೆ, ಕಿರುಚಿತ್ರಕ್ಕೆ ಅಥವಾ ಪರದೆಯ ಓದಿಗೆ ಹೊಂದಿಸಿ ಬರೆಯುವ ಅಭ್ಯಾಸವೇ ಈ ಶಿಕ್ಷಣದ ತಿರುಳು. ಅದಕ್ಕೆ ಕಮ್ಮಟದ ರೂಪದ ತರಗತಿ ಬೇಕು.

ಸೀಮೆಯ ಬರಹಗಾರರು

ಈ ಶಿಕ್ಷಣಕ್ಕೆ ಬೇಕಾದ ಮಾದರಿಗಳನ್ನು ಜಿಲ್ಲೆಯೇ ಕೊಟ್ಟಿದೆ. ಹೆಂಬೇರಾಳಿನ ಶಾಂತರಸರು (1924–2008) ಉರ್ದುವಿನ ಗಜಲನ್ನು ಕನ್ನಡದ ಲಯಕ್ಕೆ ಒಗ್ಗಿಸಿದ ಮೊದಲಿಗರಲ್ಲಿ ಪ್ರಮುಖರು; 2006ರ ಬೀದರ್ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಆ ದಾರಿಯನ್ನು ಮುಂದುವರಿಸಿದರು. ಹೈದರಾಬಾದ್ ಕಾಲ ಹೇರಿದ ಉರ್ದು ಕಲಿಕೆ ಹೀಗೆ ಕನ್ನಡಕ್ಕೆ ಹೊಸ ಪ್ರಕಾರವೊಂದನ್ನು ತಂದುಕೊಟ್ಟಿತು. ಎರಡು ಸಾಲಿನಲ್ಲೇ ಪೂರ್ಣವಾಗುವ ಗಜಲಿನ ದ್ವಿಪದಿ ಮೊಬೈಲಿನ ಪರದೆಗೂ ದನಿಗೂ ಸಲೀಸಾಗಿ ಒಗ್ಗುತ್ತದೆ.

ನುಗಡೋಣಿಯ ಅಮರೇಶ ನುಗಡೋಣಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು ಕಥೆ ಬರೆದವರು. ಅವರ ‘ಸವಾರಿ’ ಕಥೆಯನ್ನು ಗಿರೀಶ್ ಕಾಸರವಳ್ಳಿ ‘ಕನಸೆಂಬೋ ಕುದುರೆಯನೇರಿ’ ಚಲನಚಿತ್ರವಾಗಿಸಿದರು. ಆ ಚಿತ್ರಕಥೆಗೆ ರಾಷ್ಟ್ರ ಪ್ರಶಸ್ತಿ ಬಂತು. ಕಥೆಯನ್ನೂ ಚಿತ್ರಕಥೆಯನ್ನೂ ಎದುರುಬದುರು ಇಟ್ಟು ಓದಿದರೆ, ಪುಟದಲ್ಲಿ ವಾಕ್ಯ ಮಾಡುವ ಕೆಲಸವನ್ನು ಪರದೆಯ ಮೇಲೆ ಯಾವುದು ಮಾಡುತ್ತದೆಂದು ವಿದ್ಯಾರ್ಥಿಗೆ ತಿಳಿಯುತ್ತದೆ. ಆರಿಫ್ ರಾಜಾ ‘ಜಂಗಮ ಫಕೀರನ ಜೋಳಿಗೆ’ ಸಂಕಲನಕ್ಕೆ 2012ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರ ಪಡೆದಾಗ, ಜಿಲ್ಲೆಯ ಹೊಸ ತಲೆಮಾರಿನ ದನಿ ದೇಶಕ್ಕೆ ಕೇಳಿಸಿತು. 2016ರಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯ ಸಾಹಿತ್ಯ ಸಮ್ಮೇಳನವೂ ರಾಯಚೂರಿನಲ್ಲೇ ನಡೆಯಿತು.

ಮಹತ್ವ

2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ನೆಯ ಜೆ ವಿಧಿ ರಾಯಚೂರು ಸೇರಿದಂತೆ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಕೊಟ್ಟಿತು. ಸೀಟು ಸಿಕ್ಕ ಮೇಲೆ ಏನು ಕಲಿಯಬೇಕೆಂಬುದು ಅದರ ಮುಂದಿನ ಪ್ರಶ್ನೆ. ಬರವಣಿಗೆ ಮತ್ತು ಡಿಜಿಟಲ್ ಮಾಧ್ಯಮವನ್ನು ಜೊತೆಗೆ ಕಲಿತವರಿಗೆ ಚಿತ್ರಕಥೆ, ಸಂಭಾಷಣೆ, ಕೇಳುಪುಸ್ತಕ, ಪಾಡ್‌ಕಾಸ್ಟ್, ಅನುವಾದ, ಸುದ್ದಿ ಸಂಪಾದನೆಗಳಲ್ಲಿ ಕೆಲಸದ ದಾರಿಗಳಿವೆ. ಅದಕ್ಕಿಂತ ದೊಡ್ಡ ಲಾಭ ಭಾಷೆಗೆ. ಮುದಗಲ್ಲಿನ ಮೊಹರಂ ಪದ ಹಾಡುವ ಹಿರಿಯರನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸುವುದು, ಹಾಡನ್ನು ಬರಹಕ್ಕಿಳಿಸುವುದು, ಹಾಡಿದವರ ಹೆಸರು ಮತ್ತು ಊರು ನಮೂದಿಸಿ ಸಂಗ್ರಹಿಸುವುದು, ಆ ಲಯದಲ್ಲಿ ತನ್ನದೇ ಹೊಸ ಪದ ಕಟ್ಟುವುದು: ಈ ನಾಲ್ಕು ಕೆಲಸಗಳಲ್ಲಿ ಜಾನಪದ, ಮಾಧ್ಯಮ ಮತ್ತು ಸೃಜನಶೀಲತೆ ಒಟ್ಟಿಗೆ ಕಲಿತಂತಾಗುತ್ತದೆ. ಸಿಂಧನೂರಿನ ಕ್ಯಾಂಪುಗಳ ಬಂಗಾಳಿ ಮತ್ತು ತೆಲುಗು ಮನೆಗಳ ಕಥೆಗಳಿಗೂ ಇದೇ ವಿಧಾನ ಸಲ್ಲುತ್ತದೆ.

ಇದಕ್ಕೆ ದುಬಾರಿ ಸ್ಟುಡಿಯೊ ಬೇಕಿಲ್ಲ; ಮೊಬೈಲ್, ಓದಿ ತಿದ್ದುವ ಅಧ್ಯಾಪಕರು ಮತ್ತು ಪರಸ್ಪರ ಕೇಳುವ ಸಹಪಾಠಿಗಳಿದ್ದರೆ ಸಾಕು. ಬದಲಾಗಬೇಕಾದದ್ದು ಮೌಲ್ಯಮಾಪನ. ವಿದ್ಯಾರ್ಥಿ ಬರೆದ ಕಥೆ, ತಿದ್ದಿದ ಕರಡು, ಮಾಡಿದ ಧ್ವನಿಮುದ್ರಣ ಇವುಗಳನ್ನು ವಿಶ್ವವಿದ್ಯಾಲಯ ಪರೀಕ್ಷೆಯ ಉತ್ತರಪತ್ರಿಕೆಯಷ್ಟೇ ಗಂಭೀರವಾಗಿ ಅಂಕಕ್ಕೆ ಪರಿಗಣಿಸಿದಾಗ, ಸಂಘ ಮತ್ತು ಸ್ಪರ್ಧೆಗಳು ನೂರು ವರ್ಷ ಕಾಲೇಜಿನ ಅಂಚಿನಲ್ಲಿ ನಡೆಸಿಕೊಂಡು ಬಂದ ಕಲಿಕೆಗೆ ತರಗತಿಯೊಳಗೆ ಹಕ್ಕಿನ ಜಾಗ ಸಿಗುತ್ತದೆ.